ಹುಳಿಯಾದ ಟ್ಯಾಂಕು, ಕೆಳಗಿನ ಹಳ್ಳ

ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಹಾಜರಿ ಬರೆಯುವ ಕೆಲಸದ ಜೊತೆಗೆ ಸಾಹುಕಾರರು ಒಂದು ಟ್ಯಾಂಕನ್ನೂ ನನ್ನ ತಲೆಗೆ ಕಟ್ಟಿದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಬರುವ ಕಂದು ನೀರು ಹಳ್ಳ ಸೇರಬಾರದೆಂದು ಕಟ್ಟಿಸಿದ, ಗಾಳಿಯಾಡದಂತೆ ಮುಚ್ಚಿದ ಟ್ಯಾಂಕು ಅದು. ಒಳಗಿನ ಸೂಕ್ಷ್ಮಜೀವಿಗಳು ಆ ಕೊಳೆಯನ್ನು ತಿಂದು ಗ್ಯಾಸ್ ಬಿಡುತ್ತವೆ ಎಂದು ಸಾಹುಕಾರರು ಹೇಳಿದಾಗ ನಾನು ನಕ್ಕಿದ್ದೆ. ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಒಲೆ ಆ ಗ್ಯಾಸಿನಲ್ಲಿ ಹೊತ್ತಿಕೊಂಡ ಮೇಲೆ ಮಾತ್ರ, ನಾನೇ ಕಂಡುಹಿಡಿದವನ ಹಾಗೆ ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಟ್ಯಾಂಕು ಕೂರಿಸಿದ ಇಂಜಿನಿಯರ್ ಹೇಳಿದ್ದಿಷ್ಟೇ: ಪಲ್ಪರ್‌ನ ಹುಳಿ ನೀರಿಗೆ ಸುಣ್ಣ ಕಲಸಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಡಬೇಕು. ಹೆಚ್ಚಾದರೆ ಒಳಗಿನ ಜೀವಗಳು ಸಾಯುತ್ತವೆ.

ಆ ವರ್ಷ ಕೊಯ್ಲಿನ ನಡುವೆ ಅಕಾಲದ ಮಳೆ ಬಿತ್ತು. ಹಣ್ಣೆಲ್ಲ ಒಟ್ಟಿಗೇ ಒಡೆಯತೊಡಗಿತು. ಕೊಯ್ದ ದಿನವೇ ಪಲ್ಪ್ ಮಾಡದಿದ್ದರೆ ಬೀಜ ವಾಸನೆ ಹಿಡಿಯುತ್ತದೆ. ಸುಣ್ಣ ಕಲಸಲು ಯಾರಿಗಿತ್ತು ಪುರುಸೊತ್ತು!

"ಬಿಡಿ ರೈಟ್ರೆ, ಕಣ್ಣಿಗೇ ಕಾಣದ್ದಕ್ಕೆ ಎಂಥ ಉಪಚಾರ ಮಾರಾಯ್ರೆ" ಎಂದ ಮೇಸ್ತ್ರಿ.

ನಾನು ಟ್ಯಾಂಕಿಗೆ ನೀರು ಬಿಡುವ ವಾಲ್ವನ್ನು ಪೂರ್ತಿ ತೆರೆದೆ. ನಾಲ್ಕನೇ ದಿನಕ್ಕೆ ಲೈನಿನ ಒಲೆ ಆರಿತು. ಟ್ಯಾಂಕಿನ ಬಾಯಿ ತೆಗೆದರೆ ಬರೀ ಹುಳಿ ನಾತ. ಸಗಣಿ, ಸುಣ್ಣ ಹಾಕಿ ಅದನ್ನು ಮತ್ತೆ ಬದುಕಿಸಲು ವಾರಗಳೇ ಬೇಕು, ಪಲ್ಪರ್ ಒಂದು ದಿನವೂ ನಿಲ್ಲುವಂತಿಲ್ಲ. ಸಾಹುಕಾರರಿಗೆ ನನ್ನ ತಪ್ಪು ಹೇಳುವ ಧೈರ್ಯವೂ ಇರಲಿಲ್ಲ. ಪಲ್ಪರ್ ನೀರಿನ ಪೈಪನ್ನು ಹಳ್ಳಕ್ಕೆ ತಿರುಗಿಸಿಬಿಟ್ಟೆ. ಥೂ, ನನ್ನ ಬುದ್ಧಿಗಿಷ್ಟು!

ಹಳ್ಳದ ಕೆಳಗೆ ಎರಡೆಕರೆ ತೋಟದ ಒಂದೇ ಒಂದು ಮನೆ. ಅವರು ಕುಡಿಯುವುದೂ ಪೈಪಿನಲ್ಲಿ ಇಳಿದುಬರುವ ಅದೇ ಹಳ್ಳದ ನೀರನ್ನೇ. ಆ ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮರುದಿನ ಅಕ್ಕ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು.

"ರೈಟ್ರೆ, ನೀರು ಒಂಥರಾ ವಾಸನೆ ಬರ್ತಿದೆ. ಮಗಳಿಗೆ ಕೊಡ್ಬಹುದಾ?"

"ಮಳೆ ಬಂತಲ್ಲಕ್ಕ, ಎಲೆ ಕೊಳೆತಿರ್ಬೇಕು. ಕುದಿಸಿ ಕೊಡಿ, ಎಂಥದ್ದೂ ಆಗಲ್ಲ."

ತಡವರಿಸದೆ ಹೇಳಿದೆ. ಎಸ್ಟೇಟಿನ ರೈಟರ್ ಹೇಳಿದನೆಂದು ಅವರು ನಂಬಿ ಹೋದರು.

ಮೂರು ದಿನ ಕಳೆದು ಟ್ಯಾಂಕಿಗೆ ಸಗಣಿ ಬೇಕಾಯಿತು. ನಮ್ಮಲ್ಲಿ ದನಗಳಿಲ್ಲ. ನಾಚಿಕೆಗೆಟ್ಟು ಅಕ್ಕನ ಮನೆಗೇ ಹೋದೆ. ಅವರು "ಕೂತ್ಕೊಳಿ, ತುಂಬಿ ಕೊಡ್ತೀನಿ" ಎಂದು ಕೊಟ್ಟಿಗೆಗೆ ಹೋದರು. ಜಗಲಿ ಹತ್ತಿದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ರೂಢಿ. ಮಗಳೇ ಸೊಂಟಕ್ಕೆ ಕೈಕೊಟ್ಟುಕೊಂಡು ನಿಧಾನವಾಗಿ ತಂದಿಟ್ಟಳು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ಚೊಂಬು ಎತ್ತಿದೆ. ಅದೇ ಹುಳಿ ನಾತ. ಎತ್ತಿದ್ದನ್ನು ಹಾಗೆಯೇ ಕೆಳಗಿಟ್ಟೆ.

"ಬೇಡಮ್ಮ, ಈಗಷ್ಟೇ ಕುಡಿದು ಬಂದೆ."

ಬೆಲ್ಲ ತಿಂದು ನೀರು ಬೇಡವೆನ್ನುವವರು ನಮ್ಮ ಕಡೆ ಯಾರೂ ಇಲ್ಲ. ಸಗಣಿ ಬುಟ್ಟಿ ಹೊತ್ತು ಬಂದ ಅಕ್ಕ ಒಮ್ಮೆ ಚೊಂಬು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಬುಟ್ಟಿ ಇಳಿಸಿ, ಕೈ ತೊಳೆದು, ಚೊಂಬನ್ನು ನನ್ನೆದುರು ಹಿಡಿದರು.

"ಕುಡೀರಿ ರೈಟ್ರೆ. ನೀವು ಹೇಳಿದ್ರಿ ಅಂತ ಇವಳು ಮೂರು ದಿನದಿಂದ ಇದನ್ನೇ ಕುಡಿತಿದ್ದಾಳೆ."

ನಾನು ಕೈ ಚಾಚಲಿಲ್ಲ. ಮಗಳು ನನ್ನನ್ನೇ ನೋಡುತ್ತಾ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು.