ಭಾನುವಾರದ ನೀರಿನ ಪಾಳಿ

ನನ್ನ ಚಿಗವ್ವನ ಎರಡು ಎಕರೆ ಹೊಲ ಕಕ್ಕೇರಾ ಕಡೆಯ ಒಂದು ಹಳ್ಳಿಯಲ್ಲಿ, ಕಾಲುವೆಯ ಕೊನೆಯ ತೂಬಿನ ಕೆಳಗೆ ಇತ್ತು. ಅವಳು ನನ್ನ ಅವ್ವನ ಬೆನ್ನಿಗೆ ಹುಟ್ಟಿದವಳು. ಮಕ್ಕಳಿರಲಿಲ್ಲ. ಗಂಡ ತೀರಿದ ಮೇಲೆ ಒಬ್ಬಳೇ ಹೊಲ ಮಾಡುತ್ತಿದ್ದಳು. ಕಾಲುವೆ ಬರುವ ಮೊದಲು ಅಲ್ಲಿ ಬೆಳೆಯುತ್ತಿದ್ದದ್ದು ಜೋಳ, ತೊಗರಿ. ಬಂದ ಮೇಲೆ ಭತ್ತ, ಮೆಣಸಿನಕಾಯಿ. ಒಂದು ತೂಬಿನ ನೀರು ಎಲ್ಲ ಹೊಲಗಳಿಗೂ ಒಮ್ಮೆಲೇ ಸಾಲುವುದಿಲ್ಲವಾದ್ದರಿಂದ ವಾರದ ದಿನಗಳನ್ನು ಹಂಚಿಕೊಂಡು ಪಾಳಿ ಮಾಡಿಕೊಂಡಿದ್ದರು. ಚಿಗವ್ವನಿಗೆ ಬಂದದ್ದು ಭಾನುವಾರ, ಬೆಳಗಿನಿಂದ ಮಧ್ಯಾಹ್ನದವರೆಗೆ.

ಬೇರೆ ಯಾರಿಗಾದರೂ ಅದು ಒಂದು ವಾರದ ಹೆಸರಷ್ಟೇ. ನಾವು ಕ್ರೈಸ್ತರು.

ಆ ಊರಲ್ಲಿ ನಮ್ಮವು ಹತ್ತು ಹನ್ನೆರಡು ಮನೆಗಳಿದ್ದವು, ತಗಡು ಹೊದಿಸಿದ ಒಂದು ಸಣ್ಣ ಗುಡಿ ಇತ್ತು. ಚರ್ಚನ್ನು ನಮ್ಮ ಕಡೆ ಗುಡಿ ಎಂದೇ ಕರೆಯುತ್ತಿದ್ದರು. ಒಳಗೆ ಬಲಗಡೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ನಿಯಮಗಳನ್ನು ಬರೆದಿದ್ದರು. ಕುಡಿಯಬಾರದು. ಹಬ್ಬದ ಎಡೆ ತಿನ್ನಬಾರದು. ಸಿನಿಮಾಕ್ಕೆ ಹೋಗಬಾರದು. ಭಾನುವಾರ ಹೊಲಕ್ಕೆ ಕೈ ಹಚ್ಚಬಾರದು. ಮುರಿದವರು ಆರು ತಿಂಗಳು ಕರ್ತನ ಭೋಜನಕ್ಕೆ ಕೈ ಚಾಚುವಂತಿಲ್ಲ. ಕರ್ತನ ಭೋಜನವೆಂದರೆ ಎರಡು ತಿಂಗಳಿಗೊಮ್ಮೆ ಯಾದಗಿರಿಯಿಂದ ಪಾಸ್ಟರ್ ಬಂದಾಗ ಹಂಚುವ ರೊಟ್ಟಿಯ ತುಣುಕು, ಒಂದು ಗುಟುಕು ದ್ರಾಕ್ಷಾರಸ. ಯೇಸುಸ್ವಾಮಿ ನಮಗಾಗಿ ಪ್ರಾಣ ಕೊಟ್ಟದ್ದರ ನೆನಪಿಗೆ ಅದನ್ನು ತೆಗೆದುಕೊಳ್ಳುತ್ತಿದ್ದೆವು. ತಟ್ಟೆ ನಮ್ಮನ್ನು ದಾಟಿ ಹೋಯಿತೆಂದರೆ ನಾವು ಹೊರಗಿನವರು. ಹಾಗೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ನಿಯಮಗಳನ್ನು ಬರೆದವರು ಸಭೆಯ ಹಿರಿಯರು, ನಿವೃತ್ತ ಶಾಲಾ ಮಾಸ್ತರರು. ಆ ಅಕ್ಷರಗಳ ಬಗ್ಗೆ ಇವತ್ತು ಹಗುರವಾಗಿ ಮಾತಾಡುವುದು ಸುಲಭ. ಆದರೆ ನನ್ನ ಅಪ್ಪ ಕುಡಿತ ಬಿಟ್ಟದ್ದು ಆ ಅಕ್ಷರಗಳ ಹೆದರಿಕೆಗೆ. ಮಾಸ್ತರರೂ ಒಂದು ಕಾಲದಲ್ಲಿ ಕುಡಿದು ಶಾಲೆಯ ಕಟ್ಟೆಯ ಮೇಲೆ ಬಿದ್ದಿರುತ್ತಿದ್ದವರೇ. ತಮ್ಮನ್ನು ತಾವು ಕಟ್ಟಿಹಾಕಿಕೊಳ್ಳಲು ಅವರು ಹಗ್ಗ ಹೊಸೆದಿದ್ದರು. ಅದು ತಮ್ಮನ್ನು ಹಿಡಿದು ನಿಲ್ಲಿಸಿದ್ದನ್ನು ಕಂಡು ಊರವರಿಗೂ ಕೊಟ್ಟರು.

ನಾನಾಗ ಸುರಪುರದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಪತ್ರಿಕೆಗೆ ಸೋಮವಾರವೂ ಸಂಚಿಕೆ ಇತ್ತು, ಹಾಗಾಗಿ ನನಗೆ ಭಾನುವಾರವೂ ಕೆಲಸ. ಊರಿಗೆ ಹೋದಾಗ ಭೋಜನದ ಸಾಲಿನಲ್ಲಿ ನಿಂತು ರೊಟ್ಟಿ ತೆಗೆದುಕೊಳ್ಳುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಪೆನ್ನು ಹಿಡಿಯುವುದು ಅವರ ಲೆಕ್ಕದಲ್ಲಿ ಕೆಲಸವಾಗಿರಲಿಲ್ಲವೇನೋ.

ಪಾಳಿ ಭಾನುವಾರಕ್ಕೆ ಬಿದ್ದಾಗ ಚಿಗವ್ವ ಒಂದು ಉಪಾಯ ಮಾಡಿದಳು. ಶನಿವಾರ ಹೊತ್ತು ಮುಳುಗುವ ಮೊದಲೇ ಹೊಲಕ್ಕೆ ಹೋಗಿ, ಸಲಿಕೆಯಿಂದ ಮಣ್ಣು ಸರಿಸಿ, ನೀರು ಒಳಗೆ ಬರುವ ಬಾಯಿಯನ್ನು ತೆರೆದಿಟ್ಟು ಬರುವುದು. ಬೆಳಿಗ್ಗೆ ನೀರು ತಾನಾಗಿಯೇ ಬಂದು ಹೊಲಕ್ಕೆ ಇಳಿಯುತ್ತದೆ. ಅವಳು ಬಿಳಿ ಸೀರೆ ಉಟ್ಟು ಗುಡಿಯಲ್ಲಿ ಕೂತಿರುತ್ತಾಳೆ. ಮಧ್ಯಾಹ್ನ ಬಾಯಿ ಮುಚ್ಚುವುದು ಪಕ್ಕದ ಹೊಲದವನ ಕೆಲಸ. ಅವನು ಹಿಂದೂ, ಅವಳನ್ನು ಅಕ್ಕ ಎಂದು ಕರೆಯುತ್ತಿದ್ದವನು.

ನಾನು ಒಮ್ಮೆ ಹೋದಾಗ ಅವನು ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತ ನಗುತ್ತಿದ್ದ.

"ಯಕ್ಕಾ, ನಿಮ್ಮ ದೇವರು ನಿನಗ ಐತ್ವಾರ ಸೂಟಿ ಕೊಟ್ಟಾನ. ನೀರಿಗಿ ಕೊಟ್ಟಿಲ್ಲ ನೋಡು."

"ನಿನಗಂತೂ ವಾರದಾಗ ಏಳೂ ದಿನ ಸೂಟಿ. ನೀ ಸುಮ್ಕಿರು," ಎಂದಳು ಚಿಗವ್ವ.

"ಮತ್ತ ನನಗ್ಯಾಕ ಹಚ್ತಿ ಕೆಲಸ? ನನ್ನ ಕೈಲೆ ಮಾಡಿಸಿದ್ರ ಪಾಪ ನನಗ ಬರ್ತದೇನು?"

"ನಿನ್ನ ಪಾಪದ ಗುಂಪಿನಾಗ ಇದೊಂದು ಎಲ್ಲಿ ಕಾಣಸ್ತದ, ಬಿಡೋ!"

ಎರಡು ವರ್ಷ ಹೀಗೇ ನಡೆಯಿತು.

ಆ ಭಾನುವಾರ ನಾನು ಅಲ್ಲಿರಲಿಲ್ಲ. ಮೂವರನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ, ಮೂವರ ಮಾತೂ ಕೂಡಿದ್ದನ್ನಷ್ಟೇ ಬರೆಯುತ್ತೇನೆ. ಮೆಣಸಿನಕಾಯಿ ಬಿಡಿಸುವ ಕಾಲ. ಪಕ್ಕದ ಹೊಲದವನು ಶಹಾಪುರಕ್ಕೆ ಮದುವೆಗೆ ಹೋಗಿದ್ದ. ಮೇಲಿನ ತೂಬುಗಳ ಹೊಲದವರೂ ಅದೇ ಮದುವೆಗೆ ಹೋಗಿದ್ದರು, ಹೋಗುವ ಮುನ್ನ ತಮ್ಮ ತೂಬುಗಳನ್ನು ಮುಚ್ಚಿದ್ದರು. ಹೀಗಾಗಿ ಎಂದೂ ಬರದಷ್ಟು ನೀರು ಕೊನೆಯ ತೂಬಿಗೆ ಬಂತು. ಚಿಗವ್ವನ ಹೊಲ ತುಂಬಿ, ಬದು ಒಡೆದು, ಪಕ್ಕದವನು ಒಣಹಾಕಿದ್ದ ಮೆಣಸಿನಕಾಯಿಯ ಕಣಕ್ಕೆ ನುಗ್ಗಿತು. ಅವನ ಹೆಂಡತಿ ಗುಡಿಯ ಬಾಗಿಲಿಗೆ ಓಡಿಬಂದು ಕೂಗಿದಳು: "ಯಕ್ಕಾ, ನಿನ್ನ ನೀರು ನಮ್ಮ ಕಣಾ ನುಂಗಾಕತ್ತದ!"

ಪ್ರಾರ್ಥನೆ ನಡೆದಿತ್ತು. ಚಿಗವ್ವ ಎದ್ದು ಓಡಿದಳು. ಬಿಳಿ ಸೀರೆಯಲ್ಲೇ ಕೆಸರಿಗಿಳಿದು ಬಾಯಿ ಮುಚ್ಚಿದಳು. ಸಂಜೆಯವರೆಗೆ ಇಬ್ಬರೂ ಹೆಂಗಸರು ನೆನೆದ ಕಾಯಿಗಳನ್ನು ಬಳಿದು ದಿಬ್ಬಕ್ಕೆ ಹೊತ್ತರು. ಅರ್ಧಕ್ಕಿಂತ ಹೆಚ್ಚು ಕಾಯಿ ಕೊಳೆತು ಹೋಯಿತು.

ಮುಂದಿನ ವಾರ ಸಭೆಯಲ್ಲಿ ಮಾತು ಬಂತು. ಅವಳು ಓಡಿದ್ದು ತಪ್ಪೆಂದು ಮಾಸ್ತರರು ಹೇಳಲಿಲ್ಲ. ಬಾವಿಗೆ ಬಿದ್ದ ಎತ್ತನ್ನು ಯಾವ ದಿನವಾದರೂ ಎತ್ತಬೇಕು ಎಂದರು. ಅವರ ತಕರಾರು ಬೇರೆ ಇತ್ತು.

"ಶನಿವಾರ ಬಾಯಿ ತೆರದಿಟ್ಟು ಬಂದಿ, ಐತ್ವಾರ ಕೈ ಕಟಗೊಂಡು ಇಲ್ಲಿ ಕುಂತಿ. ಮಂದಿ ಕಣ್ಣಿಗಿ ಮಣ್ಣು ಒಗದ್ರ ಒಗಿಬಹುದವ್ವಾ. ದೇವರ ಕಣ್ಣಿಗಿ?"

ಚಿಗವ್ವ ವಾದ ಮಾಡಲಿಲ್ಲ. "ಹೌದ್ರಿ ಮಾಸ್ತರ" ಎಂದಳಂತೆ. ಆರು ತಿಂಗಳು ಎಂದಾಯಿತು. ಹಿಂದೆ ಭಾನುವಾರ ಹತ್ತಿ ಬಿಡಿಸಿದ ಒಬ್ಬನಿಗೂ ಅಷ್ಟೇ ಕೊಟ್ಟಿದ್ದರು. ಇವಳು ಒಂಟಿ ಹೆಂಗಸು ಎಂದು ಕಡಿಮೆ ಮಾಡಿದರೆ ಅವನಿಗೆ ಅನ್ಯಾಯವಾಗುತ್ತಿತ್ತು. ಮಾಸ್ತರರು ಅನ್ಯಾಯ ಮಾಡುವವರಲ್ಲ.

ಎರಡು ತಿಂಗಳಿಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಕಲಬುರಗಿಗೆ ಕರೆದುಕೊಂಡು ಹೋದೆ. ತೆರೆದು ನೋಡಿ, ಹೊಲಿದು, ಮನೆಗೆ ಕರೆದುಕೊಂಡು ಹೋಗಿ ಎಂದರು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ಶಹಾಪುರ ದಾಟಿದ ಮೇಲೆ ಕಾಲುವೆ ಕಂಡಾಗ, "ನೀರು ಬಂದ್ ಮಾಡ್ಯಾರ," ಎಂದಳು. ಆಮೇಲೆ, "ಆರು ತಿಂಗಳು ಮುಗಿಯೋತನ ಇರ್ತೀನೇನೋ ತಮ್ಮಾ?" ಎಂದು ಕೇಳಿದಳು. ಅವಳು ಕೇಳಿದ್ದು ಬದುಕಿನ ಬಗ್ಗೆ ಅಲ್ಲ, ಒಂದು ತುಣುಕು ರೊಟ್ಟಿಯ ಬಗ್ಗೆ ಎಂಬುದು ನನಗೆ ಸುರಪುರದ ಸ್ಟ್ಯಾಂಡಿನಲ್ಲಿ ಇಳಿಯುವಾಗ ತಿಳಿಯಿತು.

ಪಾಸ್ಟರರಿಗೆ ವಿಷಯ ಗೊತ್ತಾಗಿ ಅವಳ ಮನೆಗೆ ಬಂದರು. ನನಗಿಂತ ಚಿಕ್ಕವರು, ಯಾದಗಿರಿಯ ಕಡೆಯವರೇ. ಜೊತೆಗೆ ಭೋಜನದ ಪೆಟ್ಟಿಗೆ ತಂದಿದ್ದರು. ಹೊರಸಿನ ಪಕ್ಕ ನೆಲದ ಮೇಲೆ ಕೂತರು.

"ಚಿಗವ್ವಾ, ಕೈ ಚಾಚು. ತಂದೀನಿ."

"ಇನ್ನಾ ದಿನ ಬಾಕಿ ಅವ್ರಿ."

"ಯಾವ ದಿನ? ನಾವು ನಿಯಮ ನಡಸೀವಿ ಅಂತ ಸ್ವಾಮಿ ಇದನ್ನ ಕೊಟ್ಟಿಲ್ಲ. ನಡಸಾಕ ಆಗಂಗಿಲ್ಲ ಅಂತನ ಕೊಟ್ಟಾನ. ನಂಬಿದ್ರ ಸಾಕು. ನೀ ಆಗಲೇ ಬಿಡುಗಡಿ ಆಗೀದಿ."

"ಹತ್ತಿ ಬಿಡಿಸಿದಂವ ಆರು ತಿಂಗಳು ಕುಂತ. ನಾ ಯಾಕ ಕುಂದರಬಾರದು? ಅಂವ ಬರೇ ಕೆಲಸ ಮಾಡಿದ್ದ. ನಾ ದೇವರಿಗೇ ಮೋಸ ಮಾಡೀನಿ."

"ಆ ಮೋಸಾನೂ ಸ್ವಾಮಿ ಹೊತ್ತಾನವ್ವಾ."

"ನೀವು ಸಣ್ಣವರಿದ್ದೀರಿ, ಪಾಸ್ಟರ್ರ. ಚಾ ಕುಡೀರಿ."

ಅವರು ಚಹಾ ಕುಡಿದು ಪೆಟ್ಟಿಗೆ ಎತ್ತಿಕೊಂಡು ಹೋದರು. ನಾನು ಅವಳಿಗೆ ನನ್ನ ಭಾನುವಾರಗಳ ಬಗ್ಗೆ ಹೇಳಿದೆ. ಪ್ರತಿ ವಾರ ಕೆಲಸ ಮಾಡುತ್ತೇನೆ, ಆದರೂ ತೆಗೆದುಕೊಳ್ಳುತ್ತೇನೆ ಎಂದೆ. ಅವಳು ನನ್ನ ಕಡೆ ಕನಿಕರದಿಂದ ನೋಡಿದಳು. "ನಿನಗ ಹೇಳವರು ಯಾರೂ ಇಲ್ಲಲ್ಲೋ," ಎಂದಳು.

ಮಳೆಗಾಲ ಬಂತು, ಕಾಲುವೆಗೆ ನೀರು ಬಿಟ್ಟರು. ಕಾಯಿ ಕಳೆದುಕೊಂಡ ಪಕ್ಕದವನೇ ಅವಳ ಹೊಲಕ್ಕೆ ಭತ್ತ ನಾಟಿ ಮಾಡಿಸಿದ. ಅವನ ಹೆಂಡತಿ ದಿನವೂ ಗಂಜಿ ತರುತ್ತಿದ್ದಳು. ಚಿಗವ್ವನ ಮೈ ಕಟ್ಟಿಗೆಯಾಗುತ್ತ ಬಂತು.

ಒಂದು ಸಂಜೆ ಮಾಸ್ತರರು ಬಂದರು. ನಾನಿದ್ದೆ. ಹೊರಸಿನ ಹತ್ತಿರ ಕೂತರು. ಆಮೇಲೆ, "ಆ ನಿಯಮ ಬರದಂವ ನಾನು," ಎಂದರು. "ನಾ ಅದನ್ನ ತಗೀತೀನಿ. ನಾಳಿಗೇ ಸುಣ್ಣ ಬಳಸ್ತೀನಿ. ನೀ ತಗೋಳವ್ವಾ."

"ಗ್ವಾಡಿ ಮ್ಯಾಲಿಂದು ಅಳಸಬಹುದ್ರಿ ಮಾಸ್ತರ," ಎಂದಳು ಚಿಗವ್ವ. ಮುಂದೆ ಹೇಳುವಷ್ಟು ಉಸಿರು ಅವಳಿಗಿರಲಿಲ್ಲ.

ಅವರನ್ನು ಬಾಗಿಲವರೆಗೆ ಕಳಿಸಲು ಹೋದೆ. ಮೂವತ್ತು ವರ್ಷ ಮಕ್ಕಳಿಗೆ ತಿದ್ದಿ ಬರೆಸಿದ ಮನುಷ್ಯ ಅಂಗಳದಲ್ಲಿ ನಿಂತು ನನ್ನನ್ನು ಕೇಳಿದರು: "ಈಗ ಏನು ಮಾಡೋದೋ ತಮ್ಮಾ?"

ಪಾಸ್ಟರರು ಮತ್ತೆ ಬಂದ ದಿನ ಅವಳಿಗೆ ಅರ್ಧ ಎಚ್ಚರ, ಅರ್ಧ ಮಂಪರು. ಆರು ತಿಂಗಳಿಗೆ ಇನ್ನೂ ಮೂರು ವಾರ ಬಾಕಿ ಇದ್ದವು. ನಾನು ಪಾಸ್ಟರರನ್ನು ಹೊರಗೆ ಕರೆದು ಹೇಳಿದೆ: ಅವಳಿಗೆ ದಿನಗಳ ಗುರುತಿಲ್ಲ, ಅವಧಿ ಮುಗಿದಿದೆ ಎಂದು ಹೇಳಿಬಿಡೋಣ. ಅವರು ತಲೆ ಅಲ್ಲಾಡಿಸಿದರು.

"ಅವಧಿ ಮುಗೀತು ಅಂತ ತಗೊಂಡ್ರ, ಅಕಿ ತನ್ನ ಕೂಲಿ ತಗೊಂಡಂಗ ಆಗ್ತದ್ರಿ. ಇದು ಕೂಲಿ ಅಲ್ಲ."

"ತಗೊಳ್ಳದೇ ಹೋದ್ರ?"

ಅವರು ಪೆಟ್ಟಿಗೆಯ ಹಿಡಿಕೆಯನ್ನು ತಿರುವುತ್ತ ನಿಂತರು. ಅವರು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಆದರೂ ಒಳಗೆ ಹೋಗಿ ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ: "ಚಿಗವ್ವಾ, ಆರು ತಿಂಗಳು ಮುಗಿದಾವ."

ಅವಳು ಕಣ್ಣು ತೆರೆದಳು. ನನ್ನನ್ನು ಚಿಕ್ಕಂದಿನಿಂದ ಬಲ್ಲ ಕಣ್ಣು.

"ಪೇಪರ್‌ದಾಗೂ ಹಿಂಗ ಬರೀತಿಯೇನು?" ಎಂದಳು.

ನಗಲು ನೋಡಿದಳು. ಪಾಸ್ಟರರು ಬಾಗಿಲಲ್ಲಿ ನಿಂತಿದ್ದರು. ಅವರು ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅವಳ ಕೈಗಳು ಕಂಬಳಿಯ ಒಳಗೇ ಇದ್ದವು.

ಎರಡು ದಿನ ಬಿಟ್ಟು, ಶುಕ್ರವಾರ ತೀರಿಕೊಂಡಳು. ಶನಿವಾರ ಮಣ್ಣು ಮಾಡಿದೆವು. ಮಣ್ಣಿಗೆ ಬಂದ ಪಾಸ್ಟರರು ಮರುದಿನದ ಆರಾಧನೆಗೂ ಉಳಿದುಕೊಂಡರು, ಆ ದಿನ ಭೋಜನ ಇದೆ ಎಂದರು.

ಭಾನುವಾರ ಬೆಳಿಗ್ಗೆ ನಾನು ಹೊಲದ ಕಡೆ ಹೋದೆ. ಅವಳ ಪಾಳಿ ನಡೆದಿತ್ತು. ಪಕ್ಕದವನು ತನ್ನ ಬದುವಿನ ಮೇಲೆ ಕೂತಿದ್ದ, ಬೀಡಿ ಹಚ್ಚಿರಲಿಲ್ಲ. "ನನಗ ಸೂತಕ ಅದರಿ," ಎಂದ. "ಅಕ್ಕ ಅಂತ ಕರದೀನಿ. ಮೂರು ದಿನ ಅಕಿ ಹೊಲಕ್ಕ ಕೈ ಹಚ್ಚಂಗಿಲ್ಲ. ಅದಕ್ಕ ಮಾಸ್ತರರಿಗೆ ಹೇಳಿ ಕಳಿಸಿದೆ."

ಕೆಳಗೆ ಭತ್ತದ ನಡುವೆ ಮಾಸ್ತರರು ಧೋತರ ಮೇಲೆ ಕಟ್ಟಿ, ಸಲಿಕೆ ಹಿಡಿದು, ಒಂದೊಂದೇ ಮಡಿಗೆ ನೀರು ತಿರುಗಿಸುತ್ತಿದ್ದರು. ಆ ಕೆಲಸ ಅವರಿಗೆ ಬರುತ್ತಿರಲಿಲ್ಲ. ಪಕ್ಕದವನು ಕೂತಲ್ಲಿಂದಲೇ, "ಆ ಕಡಿ ಅಲ್ರಿ ಮಾಸ್ತರ, ಈ ಕಡಿ!" ಎಂದು ಕೂಗುತ್ತಿದ್ದ. ಗುಡಿಯ ಗಂಟೆ ಬಾರಿಸಿತು. ಅವರು ತಲೆ ಎತ್ತಲಿಲ್ಲ.

ನಾನು ಅಲ್ಲಿಂದ ಊರ ಅಂಗಡಿಗೆ ಹೋಗಿ, ಫೋನಿನಲ್ಲಿ ಪತ್ರಿಕೆಗೆ ಆ ದಿನದ ಒಂದು ಸುದ್ದಿ ಹೇಳಿ, ಆಮೇಲೆ ಗುಡಿಗೆ ಹೋದೆ.

ನೀಲಿ ಅಕ್ಷರಗಳ ಮೇಲೆ ಸುಣ್ಣ ಬಳಿದಿದ್ದರು. ಒಂದೇ ಸಲ ಬಳಿದದ್ದರಿಂದ ಒಳಗಿನದೆಲ್ಲ ಓದಲು ಬರುತ್ತಿತ್ತು. ಪಾಸ್ಟರರು ತಮ್ಮ ಪ್ರಸಂಗದಲ್ಲಿ ಬಿಡುಗಡೆಯ ಬಗ್ಗೆ ಮಾತಾಡಿದರು. ಮಗ ತಂದೆಯ ಮನೆಯಲ್ಲಿ ಉಣ್ಣುವುದಕ್ಕೆ ಮೊದಲು ಕೆಲಸ ತೋರಿಸಬೇಕಾಗಿಲ್ಲ ಎಂದರು. ಚೆನ್ನಾಗಿ ಮಾತಾಡಿದರು. ಅರ್ಧಕ್ಕೆ ಮಾಸ್ತರರು ಬಂದು, ಎಂದೂ ಕೂರದ ಹಿಂದಿನ ಚಾಪೆಯ ಮೇಲೆ ನನ್ನ ಪಕ್ಕ ಕೂತರು. ಮೊಣಕಾಲಿನವರೆಗೆ ಕೆಸರು ಒಣಗಿ ಬಿರಿದಿತ್ತು.

ತಟ್ಟೆ ಸಾಲಿನಲ್ಲಿ ಬರುತ್ತ ಅವರ ಮುಂದೆ ನಿಂತಿತು. ಅವರು ತಮ್ಮ ಕಾಲು ನೋಡುತ್ತಿದ್ದರು.

"ತಗೋರಿ," ಎಂದರು ಪಾಸ್ಟರರು, ಮೆಲ್ಲಗೆ.

"ಆರು ತಿಂಗಳು," ಎಂದರು ಮಾಸ್ತರರು.

ಪಾಸ್ಟರರು ತಟ್ಟೆ ಹಿಡಿದು ಅಲ್ಲೇ ನಿಂತರು. ಹಾಡು ಹೇಳುತ್ತಿದ್ದ ಹೆಂಗಸರು ಮುಗಿದ ಚರಣವನ್ನೇ ಇನ್ನೊಮ್ಮೆ ಹೇಳಿದರು. ಆಮೇಲೆ ಪಾಸ್ಟರರು ಒಂದು ಹೆಜ್ಜೆ ಸರಿದರು.

ಮುಂದಿನವನು ನಾನು. ಕೈ ಚಾಚಿದೆ.