ಇಲ್ಲದ ಪಾಲುದಾರ

ಅಣ್ಣನ ಪಾಲಿಗೆ ಬಡ್ಡಿ ಕೊಡುವುದೂ ಹರಾಮು, ತೆಗೆದುಕೊಳ್ಳುವುದೂ ಹರಾಮು. ಬೆಳ್ಳಾರೆಯ ನಮ್ಮ ಅಡಿಕೆ ಅಂಗಡಿಯಲ್ಲಿ ಕೈಯಲ್ಲಿದ್ದ ದುಡ್ಡಿಗೆ ಬರುವಷ್ಟನ್ನೇ ಅವನು ಕೊಳ್ಳುತ್ತಿದ್ದ. ತೋಟದವರು ಉಳಿದ ಮೂಟೆಗಳನ್ನು ಮತ್ತೆ ಗಾಡಿಗೆ ಹೇರಿ ಬೇರೆ ಅಂಗಡಿಗೆ ಹೋಗುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಪುತ್ತೂರಿನ ನಮ್ಮ ಗೋದಾಮು ನೋಡಿಕೊಳ್ಳುತ್ತಿದ್ದವನು ನಾನು. ಅಂಗಡಿ ಬಿಟ್ಟು ಅಣ್ಣ ಅತ್ತ ಬರುತ್ತಿರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರೂ ರುಜು ಹಾಕಲು ಬರುತ್ತಿತ್ತು. ಐವತ್ತರ ದಶಕದ ಕೊನೆಗೆ ಅಲ್ಲಿಯ ಒಂದು ಬ್ಯಾಂಕು ಅಡಿಕೆಯ ಮೇಲೆ ಸಾಲ ಕೊಡತೊಡಗಿತು. ನಾನು ರುಜು ಹಾಕಿ ಸಾಲ ತೆಗೆದೆ, ಅಡವಿಟ್ಟ ಅಡಿಕೆಯ ಗೋದಾಮಿಗೆ ಅವರ ಬೀಗ ಬಿತ್ತು. ಅಣ್ಣನಿಗೆ ನಾನು ಹೇಳಿದ್ದು ಬೇರೆ. ಪುತ್ತೂರಿನ ವ್ಯಾಪಾರಿಯೊಬ್ಬರು ಪಾಲಿಗೆ ಸೇರಿದ್ದಾರೆ, ಲಾಭದಲ್ಲೂ ನಷ್ಟದಲ್ಲೂ ಅವರಿಗೆ ಪಾಲು ಎಂದೆ. ಹಾಗಾದರೆ ಅದು ಹಲಾಲು ಎಂದು ಅವನು ಒಪ್ಪಿದ. ಅವರನ್ನು ನೋಡಬೇಕು ಎಂದಾಗಲೆಲ್ಲ ಕಾಸರಗೋಡಿಗೆ ಹೋಗಿದ್ದಾರೆ ಎನ್ನುತ್ತಿದ್ದೆ. ಬ್ಯಾಂಕಿಗೆ ಕಟ್ಟುವ ಬಡ್ಡಿಗೆ ಪಾಲುದಾರರ ಪಾಲು ಎಂದು ಹೆಸರಿಟ್ಟಿದ್ದೆ. ಶುಕ್ರವಾರದ ನಮಾಜಿನ ನಂತರ ಅಣ್ಣ ಆ ಪಾಲುದಾರನ ಆಯುಸ್ಸಿಗಾಗಿ ದುವಾ ಮಾಡುತ್ತಿದ್ದ. ಪಕ್ಕದಲ್ಲಿ ಕುಳಿತು ನಾನು ಆಮೀನ್ ಎನ್ನುತ್ತಿದ್ದೆ.

ಅಂಗಡಿ ಬೆಳೆಯಿತು. ಅದು ಅಣ್ಣನ ನಂಬಿಕೆಯ ಬರ್ಕತ್ತು ಎಂದು ಊರವರು ಹೇಳಿದರು. ಅಣ್ಣನೂ ಹಾಗೆಯೇ ತಿಳಿದ.

ಕಡಬದಲ್ಲಿ ತಂಗಿಯ ಗಂಡನಿಗೆ ಒಣಮೀನಿನ ಅಂಗಡಿ ಇತ್ತು. ಮಳೆ ಹಿಡಿಯುವ ಮೊದಲು ಸರಕು ತುಂಬಿಸಿಕೊಳ್ಳದಿದ್ದರೆ ಆ ವ್ಯಾಪಾರದಲ್ಲಿ ವರ್ಷವೇ ಹೋದ ಹಾಗೆ. ಒಂದು ವರ್ಷ ಅವನ ಕೈ ಖಾಲಿಯಾಗಿತ್ತು, ನಮ್ಮ ದುಡ್ಡೆಲ್ಲ ಅಡಿಕೆಯಾಗಿ ಬ್ಯಾಂಕಿನ ಬೀಗದ ಹಿಂದೆ ಇತ್ತು. ಸಹಕಾರಿ ಸೊಸೈಟಿಯವರು ಸಾಲ ಕೊಡಲು ಒಪ್ಪಿದ್ದರು. ತೆಗೆದುಕೊಳ್ಳಬಹುದೇ ಎಂದು ಅಣ್ಣನನ್ನು ಕೇಳಲು ಬಂದ.

“ಬಡ್ಡಿ ಉಂಟು ಭಾವ. ಎಂತ ಮಾಡುದು?”

“ನಮ್ಮ ಅಂಗಡಿ ನೋಡು ಮಾರಾಯ. ಒಂದು ಪೈಸೆ ಬಡ್ಡಿ ಮುಟ್ಟಿದ್ದುಂಟಾ? ಅಲ್ಲಾಹು ನಮ್ಮನ್ನು ಕೈಬಿಟ್ಟನಾ?”

ಅವನು ನನ್ನ ಕಡೆ ತಿರುಗಿದ. ನಾನು ಹಾಳಾದ ಅಡಿಕೆ ಆರಿಸಿ ಬೇರೆ ಮಾಡುತ್ತಿದ್ದೆ. ತಲೆ ಎತ್ತದೆ, ಅಣ್ಣ ಹೇಳಿದ ಹಾಗೆ ಮಾಡು ಎಂದೆ. ಬಸ್ಸು ಹತ್ತಿಸಲು ಜೊತೆಗೆ ಹೋದವನೂ ನಾನೇ. ದಾರಿಯುದ್ದಕ್ಕೂ ನಾವಿಬ್ಬರೇ. ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಅಣ್ಣನಿಗೆ ಗೊತ್ತಾಗುತ್ತದೆ, ಅಂಗಡಿ ಮುಗಿಯುತ್ತದೆ ಎಂದು ಹೆದರಿದೆ.

ಅವನು ಸಾಲ ಬೇಡವೆಂದ. ಮರುವರ್ಷ ಅಂಗಡಿ ಮುಚ್ಚಿ ಸಂಪಾಜೆಯಲ್ಲಿ ಲಾರಿಗೆ ಮರ ಹೇರುವ ಕೆಲಸ ಹಿಡಿದ. ತಂಗಿ ಬೀಡಿ ಕಟ್ಟಲು ಕುಳಿತಳು. ರಂಜಾನಿನಲ್ಲಿ ಅಣ್ಣ ಬಡವರಿಗೆಂದು ತೆಗೆದಿಟ್ಟ ಝಕಾತಿನ ದುಡ್ಡನ್ನು ಅವರಿಗೆ ಕಳುಹಿಸಿದ. ಒಯ್ದು ಕೊಟ್ಟು ಬಂದ ನನ್ನ ಹತ್ತಿರ ಬೇಸರದಿಂದ ಹೇಳಿದ:

“ಅವನಿಗೆ ನಂಬಿಕೆ ಸಾಲದು. ಸ್ವಲ್ಪ ತಾಳಿದ್ರೆ ಅಲ್ಲಾಹು ಕೊಡ್ತಿದ್ದ.”

ನಾನು ಹೌದೆಂದೆ.

ಈಗ ಅಣ್ಣನೂ ಇಲ್ಲ, ತಂಗಿಯ ಗಂಡನೂ ಇಲ್ಲ. ತನ್ನ ಗಂಡನಿಗೆ ನಂಬಿಕೆ ಸ್ವಲ್ಪ ಕಡಿಮೆಯೇ ಇತ್ತು ಎಂದು ತಂಗಿ ಇವತ್ತಿಗೂ ಹೇಳುತ್ತಾಳೆ. ಅವಳ ಮನೆಯ ಚಾ ಕುಡಿಯುತ್ತಾ ನಾನು ಕೇಳಿಸಿಕೊಳ್ಳುತ್ತೇನೆ.