ಸಿಲೋನು ಯಾವ ಬದಿಗೆ?

ಸ್ವಾತಂತ್ರ್ಯ ಬಂದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಮುತ್ತ ಸಿಲೋನಿನಿಂದ, ಕುಂದಾಪುರದ ಬಡಗಿಗಿರುವ ಯಡ್ತರೆಯ ಅಕ್ಕನ ಮನೆಗೆ ಬಂದ. ಹಡಗು, ರೈಲು, ಇದ್ದಿಲಿನ ಹೊಗೆ ಕಾರುವ ಬಸ್ಸು, ಹೊಳೆ ಸಿಕ್ಕಲ್ಲೆಲ್ಲ ದೋಣಿ. ಇಷ್ಟನ್ನೆಲ್ಲ ದಾಟಿ ಬಂದವನಿಗೆ ಅಕ್ಕನಿಗೆ ಹೇಳಬೇಕಾದ ಒಂದೇ ಒಂದು ಮಾತನ್ನು ಗಂಟಲು ದಾಟಿಸುವುದಾಗಲಿಲ್ಲ.

ಮಾತು ಇಷ್ಟೇ: ಮುದಿಪ್ರಾಯವನ್ನು ಅಲ್ಲೇ ಕಳೆಯುವುದೋ, ಊರಿಗೆ ಬಂದುಬಿಡುವುದೋ? ಮೀಸೆ ಮೂಡುವ ಮೊದಲೇ ಸಿಲೋನಿಗೆ ಹೋಗಿ ಚಿಲಾವ್ ಕಡೆಯ ತೆಂಗಿನ ತೋಟವೊಂದರಲ್ಲಿ ಕೆಲಸಕ್ಕೆ ಸೇರಿದವನು ಅವನು. ಈಗ ಮರ ಹತ್ತಲು ಮಂಡಿ ಒಪ್ಪುವುದಿಲ್ಲ. ಬೇರೆ ಧಣಿಯಾಗಿದ್ದರೆ ಗಂಟುಮೂಟೆ ಕಟ್ಟಿಸಿ ಕಳಿಸುತ್ತಿದ್ದ. ಪೆರೇರಾ ಧಣಿ ಮಾತ್ರ ತೋಟದ ಅಂಚಿನ ಹಂಚಿನ ಮನೆಯನ್ನು ತೋರಿಸಿ, "ಇರುವಷ್ಟು ದಿನ ಇದು ನಿನ್ನದು. ಈ ಮರಗಳನ್ನೆಲ್ಲ ನೆಟ್ಟವನು ನೀನು. ಊರಿಗೆ ಹೋಗಿ ಒಂದು ಮಾತು ಕೇಳಿಕೊಂಡು ಬಾ" ಎಂದಿದ್ದರು. ದೊಡ್ಡ ಮಲೇರಿಯಾ ಬಂದ ವರ್ಷ ಆ ಧಣಿಯ ಹೆಂಡತಿ ತನ್ನ ಕೈಯಾರೆ ಗಂಜಿ ಕುಡಿಸಿ ಉಳಿಸಿದ ಜೀವ ಇದು. ಅದನ್ನು ನೆನೆದರೆ ಮುತ್ತನಿಗೆ ಈಗಲೂ ಕಣ್ಣು ತುಂಬುತ್ತದೆ.

ಆದರೆ ಇಲ್ಲಿಯ ಋಣವೇನು ಕಡಿಮೆಯೇ? ತಾಯಿ ತೀರಿಕೊಂಡಾಗ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ ಚಂದ್ರಮತಿ. ಹೆಣ್ಣಿನ ಕಡೆಯಿಂದ ಮನೆತನ ನಡೆಯುವ ಅಳಿಯಕಟ್ಟಿನ ಮನೆಯಾದ್ದರಿಂದ ಹೆಸರಿಗೆ ಮುತ್ತನೇ ಯಜಮಾನ. ಯಜಮಾನಿಕೆ ನಡೆಸುತ್ತಿದ್ದವಳು ಅಕ್ಕನೇ ಅನ್ನಿ. ಮಗಳು ಗೋಪಿಯಾಗಲಿ, ಮೊಮ್ಮಕ್ಕಳಾಗಲಿ, ಕೊಟ್ಟಿಗೆಯ ಎಮ್ಮೆಯಾಗಲಿ ಅವಳ ಮಾತು ಮೀರಿದ್ದಿಲ್ಲ. ಅವಳು ಬೇಡ ಎಂದರೆ ಮುಗಿಯಿತು. ಮುತ್ತನಿಗಿದ್ದ ಹೆದರಿಕೆ ಅದೇ.

ಒಂದು ದಿನ ನೆರೆಮನೆಯ ಐತ ಬಂದು ಜಗಲಿಯಲ್ಲಿ ಕೂತ.

"ಹ್ವಾಯ್ ಮುತ್ತ, ಸಿಲೋನಗೆ ಎಂತೆಲ್ಲ ಇತ್ತ್?"

"ತೆಂಗಿನ್ಮರ."

"ಮತ್ತೆಂತ?"

"ಮಳಿ. ಸಮುದ್ರ. ಮೀನ್."

"ಇದನ್ನ ಕಾಂಬುಕೆ ಅಷ್ಟ್ ದೂರ ಹೋದ್ಯಾ ಮಾರಾಯ!" ಐತ ಹೊಟ್ಟೆ ಹಿಡಿದುಕೊಂಡು ನಕ್ಕ.

ಮುತ್ತನೂ ನಕ್ಕ. ಆದರೆ ಎರಡೂ ಕಡೆ ಒಂದೇ ಥರ ಇದ್ದದ್ದೇ ಅವನ ಕಷ್ಟ. ಹಿಮ ಬೀಳುವ ದೇಶಕ್ಕೆ ಹೋಗಿದ್ದರೆ, ಮನೆ ಯಾವುದೆಂದು ಮೈಯೇ ಹೇಳಿಬಿಡುತ್ತಿತ್ತು.

ಅಷ್ಟರಲ್ಲಿ ಹೊಸ್ತಿನ ದಿನ ಬಂತು. ಗದ್ದೆಯಿಂದ ಹೊಸ ಕದಿರು ತಂದು ಬಾಗಿಲಿಗೆ, ಬಾವಿಕಟ್ಟೆಗೆ, ಮುತ್ತನ ಸಿಲೋನ್ ಪೆಟ್ಟಿಗೆಗೂ ಕಟ್ಟಿದ್ದಾಯಿತು. ಮಧ್ಯಾಹ್ನ ಸಾಲಾಗಿ ಬಾಳೆಲೆ ಹಾಕಿದರು. ಹೊಸ ಅಕ್ಕಿಯ ಮೊದಲ ತುತ್ತಿಗೆ ಮುಂಚೆ ಕಿರಿಯರು ಹಿರಿಯರಿಗೆ "ಹೊಸ್ತ್ ಉಂತೆ" ಎಂದು ಅಪ್ಪಣೆ ಕೇಳಬೇಕು, ಅವರು "ಉಣ್" ಎನ್ನಬೇಕು. ಈ ಊರಲ್ಲಿ ಆಗಷ್ಟೇ ಮಾತು ಕಲಿತ ಮಕ್ಕಳಿಗೂ ಅದು ಗೊತ್ತು. ಮುತ್ತನಿಗೆ ಮರೆತೇಹೋಗಿತ್ತು. ಹಸಿವು ಒಂದು ಕಡೆ, ಅನ್ನದ ಪರಿಮಳ ಇನ್ನೊಂದು ಕಡೆ. ತುತ್ತು ಕಲಸಿ ಬಾಯಿಗೆ ಹಾಕಿಯೇಬಿಟ್ಟ.

"ಅಜ್ಜ ಕೇಣ್ದೇ ಉಂಡ್ರ್!" ಎಂದು ಗೋಪಿಯ ಕಿರಿಮಗಳು ಕೂಗಿದಳು. ಮುತ್ತನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನುಂಗಲೂ ಆಗದೆ ಉಗುಳಲೂ ಆಗದೆ ಅಕ್ಕನ ಮುಖ ನೋಡಿದ.

"ನುಂಗ್ ಮಾರಾಯ," ಎಂದಳು ಚಂದ್ರಮತಿ. "ನಿಂಗೆ ಬೆಳಿಗ್ಗೆಯೇ ಹೇಳಿ ಆಯ್ತ್."

"ಯಾರ್ ಹೇಳದ್ದ್?"

"ನಾನೇ. ಪ್ರತಿ ವರ್ಷ ಹೊಸ್ತಿನ್ ದಿನ ಅಂಗ್ಳದಗೆ ನಿತ್ಕಂಡ್, ಸಮುದ್ರದ ಬದಿ ತಿರ್ಗಿ, 'ತಮ್ಮಾ, ಉಣ್' ಅಂದೇ ನಾ ಉಂಬುದ್. ಈ ವರ್ಷ ನೀ ಮನೆಯಗೇ ಇದ್ದದ್ದ್ ಮರ್ತ್‌ಹೋಯಿ, ರೂಢಿ ಮೇಲೆ ಅಲ್ಲೇ ಹೇಳಿ ಬಂದೆ."

ಎಲ್ಲರೂ ಗೊಳ್ಳೆಂದು ನಕ್ಕರು. ಮುತ್ತನಿಗೆ ನಗು ಬರಲಿಲ್ಲ. ಸಿಲೋನಿನಲ್ಲಿ ಅಷ್ಟು ವರ್ಷ ಉಂಡದ್ದೆಲ್ಲ ಅಕ್ಕ ಉಣ್ಣು ಎಂದ ಅನ್ನವೇ ಎಂದು ಆಗ ಅವನಿಗೆ ಗೊತ್ತಾಯಿತು. ತುತ್ತು ಒಳಗೆ ಹೋಯಿತು, ಮಾತು ಹೊರಗೆ ಬಂತು. ಧಣಿಯ ಮಾತು, ಆ ಮನೆ, ಗಂಜಿ ಕುಡಿಸಿದ ಹೆಂಗಸು, ಕೇಳಲು ಬಂದು ಕೇಳಲಾರದೆ ಕೂತದ್ದು, ಒಂದನ್ನೂ ಬಿಡದೆ ಹೇಳಿದ.

"ನಂಗ್ ಅಲ್ಲೇ ಇರ್ಕ್ ಅಂದ್ ಆಸೆ ಅಕ್ಕ. ನೀ ಬೇಡ ಅಂದ್ರೆ ಹೋತಿಲ್ಲೆ."

"ಎಂತ ಮಾವ, ಇಲ್ಲಿ ನಾವೆಲ್ಲ ಇಲ್ಯಾ?" ಎಂದಳು ಗೋಪಿ.

"ನೀ ಸುಮ್ನಿರ್," ಎಂದಳು ಚಂದ್ರಮತಿ. ಅವಳ ಕೈ ಎಲೆಯ ಮೇಲೇ ಒಣಗಿತು. "ಆ ಹೆಂಗ್ಸಿಗೆ ಈ ಅಕ್ಕಿ ಸ್ವಲ್ಪ ತಕಂಡ್ ಹೋಗ್," ಎಂದಳು. ಎದ್ದು ಬಾಗಿಲಿಗೆ ಹೋಗಿ ಪಡುವಣದ ಕಡೆ ಎಡಗೈ ಚಾಚಿದಳು. "ಸಿಲೋನ್ ಸಮಾ ಹೀಂಗೇ ಅಲ್ದಾ?"

ಹೌದು ಎಂದುಬಿಡಬಹುದಿತ್ತು. ಅಕ್ಕನಿಗೆ ಸುಳ್ಳು ಹೇಳಲು ಅವನಿಗೆ ನಾಲಗೆ ಬರಲಿಲ್ಲ.

"ಅಲ್ಲ ಅಕ್ಕ. ತೆಂಕ ಬದಿಗೆ. ಕುಂದಾಪ್ರ, ಬ್ರಹ್ಮಾವರ ದಾಟಿ ಹಾಂಗೇ ಕೆಳಗೆ."

"ಅಯ್ಯೋ ದೇವ್ರೇ! ಹಂಗಾರೆ ಇಷ್ಟ್ ವರ್ಷ ನಾ ಉಣ್ ಅಂದದ್ದ್ ಯಾರಿಗೆ?"

"ನಂಗೇ ಅಕ್ಕ. ಒಂದ್ ಹೊತ್ತೂ ನಾ ಉಪಾಸ ಬಿದ್ದದ್ದಿಲ್ಲೆ."

ತೆಂಕಣ ಯಮನ ದಿಕ್ಕು. ಆ ಕಡೆಗೆ ಮುಖ ಮಾಡಿ ಶುಭದ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಚಂದ್ರಮತಿ ಅತ್ತ ನೋಡುತ್ತ ನಿಂತಳು. "ಆಯ್ಲಿ," ಎಂದಳು. "ಯಮ ಇದ್ರೆ ಇರ್ಲಿ, ನನ್ ತಮ್ಮನೂ ಆ ಬದಿಗೇ ಇಪ್ಪುದಲ್ದಾ. ಬಪ್ಪ್ ವರ್ಷದಿಂದ ಅತ್ಲಾಯಿಗೇ ತಿರ್ಗಿ ಹೇಳ್ತೆ."

ಮುತ್ತ ಎದ್ದುಬಂದು ಅವಳ ಕಾಲು ಹಿಡಿದುಕೊಂಡ. ಎಂಜಲು ಕೈಯಲ್ಲಿ ಮುಟ್ಟಿದ್ದಕ್ಕೆ ಚೆನ್ನಾಗಿ ಬೈಸಿಕೊಂಡ.